ಎರಡನೆಯ ಬಾರಿಯ ಗಣಿತ: ಇಂಗ್ಲೆಂಡಿನ ಕಾಲೇಜುಗಳಲ್ಲಿ ಜಿಸಿಎಸ್‌ಇ ಮರುಪರೀಕ್ಷೆ

ಇಂಗ್ಲೆಂಡಿನಲ್ಲಿ ಹದಿನಾರನೆಯ ವಯಸ್ಸಿಗೆ ಪ್ರೌಢಶಾಲೆಯ ಹಂತವನ್ನು ಮುಗಿಸುವ ವಿದ್ಯಾರ್ಥಿಗಳು ಬರೆಯುವ ಸಾರ್ವತ್ರಿಕ ಪರೀಕ್ಷೆಗೆ ಜಿಸಿಎಸ್‌ಇ ಎಂದು ಹೆಸರು; ಆ ಪರೀಕ್ಷೆಯ ಗಣಿತ ವಿಷಯದಲ್ಲಿ ಉತ್ತೀರ್ಣತೆಯ ಗೆರೆಯೆಂದು ಎಲ್ಲರೂ ಭಾವಿಸುವ 4ನೆಯ ಶ್ರೇಣಿಯನ್ನು ಮುಟ್ಟದೆ ಉಳಿಯುವವರು ಪ್ರತಿ ವರ್ಷವೂ ಹತ್ತರಲ್ಲಿ ಸುಮಾರು ಮೂವರು. ಬಡಗಿ ಕೆಲಸ, ಕೇಶವಿನ್ಯಾಸ, ಅಡುಗೆ, ಮೋಟಾರು ದುರಸ್ತಿ, ಶಿಶುಪಾಲನೆ ಮುಂತಾದ ಕಸುಬುಗಳನ್ನು ಕಲಿಯಲು ಇವರಲ್ಲಿ ಅನೇಕರು ಕಾಲೇಜು ಸೇರುತ್ತಾರೆ, ಮತ್ತು ಕಸುಬಿನ ಜೊತೆಗೆ ಗಣಿತವನ್ನೂ ಮತ್ತೊಮ್ಮೆ ಓದಬೇಕೆಂಬುದು ಅಲ್ಲಿನ ಸರ್ಕಾರದ ನಿಯಮ. ಬೇಸಿಗೆಯಲ್ಲಿ ನಡೆಯುವ ಪರೀಕ್ಷೆಗೆ ಹೀಗೆ ಮತ್ತೆ ಕೂರುವ ಹದಿನೇಳು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರ ಪೈಕಿ 4ನೆಯ ಶ್ರೇಣಿಗೆ ಏರುವವರು ಇತ್ತೀಚಿನ ವರ್ಷಗಳಲ್ಲಿ ಆರರಲ್ಲಿ ಒಬ್ಬರ ಆಸುಪಾಸಿನಲ್ಲಿದ್ದಾರೆ. ಎರಡನೆಯ ಅವಕಾಶವು ಇಷ್ಟು ಮಂದಿಗೆ ಎರಡನೆಯ ಸೋಲಾಗುವುದನ್ನು ವಿದ್ಯಾರ್ಥಿಗಳ ಸೋಮಾರಿತನದಿಂದಾಗಲಿ ಅಧ್ಯಾಪಕರ ಅಲಕ್ಷ್ಯದಿಂದಾಗಲಿ ವಿವರಿಸಲಾಗದು. ಅದರ ಕಾರಣಗಳು ನಿಯಮದ ರಚನೆಯಲ್ಲಿವೆ, ಪರೀಕ್ಷೆಯ ರಚನೆಯಲ್ಲಿವೆ, ಎಲ್ಲಕ್ಕಿಂತ ಹೆಚ್ಚಾಗಿ ಹದಿನಾರರ ಹೊತ್ತಿಗೆ ಮನಸ್ಸಿನಲ್ಲಿ ಬೇರೂರಿದ ತಪ್ಪು ಗಣಿತದಲ್ಲಿವೆ.

ಜಿಸಿಎಸ್‌ಇಯ ಮೊದಲ ಪರೀಕ್ಷೆಗಳು ನಡೆದುದು 1988ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಎರಡು ಪರೀಕ್ಷೆಗಳಿದ್ದವು: ಓದಿನಲ್ಲಿ ಮುಂದಿರುವವರಿಗೆ ಓ ಲೆವೆಲ್, ಉಳಿದವರಿಗೆ 1965ರಲ್ಲಿ ಆರಂಭವಾದ ಸಿಎಸ್‌ಇ. ಸಿಎಸ್‌ಇಯ ಮೊದಲ ಶ್ರೇಣಿಯು ಓ ಲೆವೆಲ್ ಉತ್ತೀರ್ಣತೆಗೆ ಸಮವೆಂದು ಅಧಿಕೃತವಾಗಿ ಒಪ್ಪಿದ್ದರೂ ಜನರ ಕಣ್ಣಿನಲ್ಲಿ ಅದು ಕೆಳಗಿನ ಪರೀಕ್ಷೆಯಾಗಿಯೇ ಉಳಿಯಿತು; ಈ ಭೇದವನ್ನು ಅಳಿಸುವುದಕ್ಕೆಂದೇ ಎರಡನ್ನೂ ಬೆಸೆದು ಒಂದೇ ಹೆಸರಿನ ಪರೀಕ್ಷೆಯನ್ನು ತರಲಾಯಿತು. ಗಣಿತದಲ್ಲಿ 2017ರಿಂದ ಅಕ್ಷರಗಳ ಬದಲು 9ರಿಂದ 1ರವರೆಗಿನ ಅಂಕಿಗಳು ಶ್ರೇಣಿಗಳಾಗಿವೆ, 9 ಅತ್ಯುನ್ನತ, 1 ಕನಿಷ್ಠ. ಹಳೆಯ ಸಿ ಶ್ರೇಣಿಯ ತಳಕ್ಕೆ ಹೊಂದುವ 4ನ್ನು ಸರ್ಕಾರವು ಸಾಮಾನ್ಯ ಉತ್ತೀರ್ಣತೆಯೆಂದೂ 5ನ್ನು ದೃಢ ಉತ್ತೀರ್ಣತೆಯೆಂದೂ ಕರೆಯುತ್ತದೆ. ಕಾಗದದ ಮೇಲೆ 3, 2, 1 ಕೂಡ ಪ್ರಮಾಣಪತ್ರದಲ್ಲಿ ನಮೂದಾಗುವ ಶ್ರೇಣಿಗಳೇ, ಅನುತ್ತೀರ್ಣತೆಗಳಲ್ಲ. ಆದರೆ ಶಿಕ್ಷಕ ತರಬೇತಿ, ದಾದಿಯರ ಶಿಕ್ಷಣ, ವಿಶ್ವವಿದ್ಯಾಲಯಗಳ ಬಹುಪಾಲು ಪ್ರವೇಶಗಳು, ಎಷ್ಟೋ ಕಚೇರಿಗಳ ನೇಮಕಾತಿ ಎಲ್ಲವೂ 4ನ್ನು ಕೇಳುವುದರಿಂದ ಅದರ ಕೆಳಗಿನವರು ತಮ್ಮನ್ನು ನಪಾಸಾದವರೆಂದೇ ಎಣಿಸುತ್ತಾರೆ.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟರೆ ಅದನ್ನು ಕಟ್ಟಿ ಪಾಸಾಗುವವರೆಗೆ ಪಿಯುಸಿಯ ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ಮರುಪರೀಕ್ಷೆಯೆಂಬುದು ಕೆಲವು ವಾರಗಳ ಅಂತರದಲ್ಲಿ ದಾಟಬೇಕಾದ ತಡೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಯು ಮುಂದಿನ ಹಂತಕ್ಕೆ ಹೋಗುತ್ತಾನೆ, ಗಣಿತ ಅವನ ಹಿಂದೆಯೇ ಬರುತ್ತದೆ. ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ನಾಲ್ಕು ಪರೀಕ್ಷೆಗಳವರೆಗೂ ಅದು ಬೆನ್ನು ಬಿಡದೆ ಇರಬಹುದು, ಏಕೆಂದರೆ ಮರುಪರೀಕ್ಷೆ ಬರೆಯುವವರಿಗೆ ಬೇಸಿಗೆಯಲ್ಲದೆ ನವೆಂಬರಿನಲ್ಲೂ ಅವಕಾಶವಿದೆ. ಯುವಜನರು ಹದಿನೆಂಟರವರೆಗೆ ಯಾವುದಾದರೊಂದು ಶಿಕ್ಷಣದಲ್ಲಿ ಅಥವಾ ತರಬೇತಿಯಲ್ಲಿ ಇರಬೇಕೆಂಬ ಕಾನೂನು ಅಲ್ಲಿ 2015ರಿಂದ ಪೂರ್ಣವಾಗಿ ಜಾರಿಯಲ್ಲಿರುವುದರಿಂದ ಈ ಬೆನ್ನಟ್ಟುವಿಕೆಯಿಂದ ತಪ್ಪಿಸಿಕೊಳ್ಳುವ ದಾರಿಗಳೂ ಕಡಿಮೆ.

ನಿಯಮದ ಹಿಂದಿನ ಆಲೋಚನೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕಿ ಆ್ಯಲಿಸನ್ ವುಲ್ಫ್ ಅವರು ವೃತ್ತಿಶಿಕ್ಷಣದ ಬಗ್ಗೆ 2011ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯದು. ಕಸುಬು ಕಲಿಯುವ ಮಕ್ಕಳಿಗೆ ಉದ್ಯೋಗದಾತರು ಬೆಲೆ ಕೊಡದ ಸಣ್ಣ ಪ್ರಮಾಣಪತ್ರಗಳನ್ನು ಹಂಚಿ, ಬೆಲೆಯುಳ್ಳ ಇಂಗ್ಲಿಷ್ ಮತ್ತು ಗಣಿತವನ್ನು ಕೈಬಿಡಲು ಬಿಡುವುದು ಅವರಿಗೆ ಎಸಗುವ ಅನ್ಯಾಯವೆಂದು ಆ ವರದಿ ವಾದಿಸಿತು. ಅದರ ಶಿಫಾರಸಿನಂತೆ 2014ರಿಂದ, ಈ ಎರಡು ವಿಷಯಗಳಲ್ಲಿ ಗೆರೆ ದಾಟದ ವಿದ್ಯಾರ್ಥಿಗೆ ಅವನ್ನು ಕಲಿಸುವುದು ಕಾಲೇಜಿಗೆ ಅನುದಾನದ ಷರತ್ತಾಯಿತು; ಅಂದರೆ ವಿದ್ಯಾರ್ಥಿಯು ಗಣಿತಕ್ಕೆ ದಾಖಲಾಗದಿದ್ದರೆ ಅವನ ಲೆಕ್ಕದಲ್ಲಿ ಕಾಲೇಜಿಗೆ ಬರುವ ಹಣಕ್ಕೆ ಕುತ್ತು. ಮರುವರ್ಷ ಷರತ್ತು ಬಿಗಿಯಾಯಿತು: ಗೆರೆಗೆ ಒಂದೇ ಶ್ರೇಣಿ ಕೆಳಗಿರುವವರು, ಇಂದಿನ ಎಣಿಕೆಯಲ್ಲಿ 3 ಪಡೆದವರು, ಬೇರೆ ಯಾವ ಮೆಟ್ಟಿಲು ಪರೀಕ್ಷೆಯನ್ನೂ ಆರಿಸದೆ ಜಿಸಿಎಸ್‌ಇಯನ್ನೇ ಬರೆಯಬೇಕು. 2 ಅಥವಾ ಅದಕ್ಕಿಂತ ಕೆಳಗಿನ ಶ್ರೇಣಿಯವರು, ದಿನಬಳಕೆಯ ಮತ್ತು ಕೆಲಸದ ಜಾಗದ ಲೆಕ್ಕಗಳಿಗೆ ಒತ್ತು ಕೊಡುವ ಫಂಕ್ಷನಲ್ ಸ್ಕಿಲ್ಸ್ ಎಂಬ ಬೇರೆ ಪರೀಕ್ಷೆಯನ್ನು ಆರಿಸಿಕೊಳ್ಳಬಹುದೆಂಬ ಸಡಿಲಿಕೆ 2019ರಲ್ಲಿ ಬಂತು. 2025ರ ಶೈಕ್ಷಣಿಕ ವರ್ಷದಿಂದ ಇಂಥ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಕನಿಷ್ಠ 100 ಗಂಟೆಗಳ ಗಣಿತ ಬೋಧನೆ ದೊರಕಬೇಕೆಂಬ ನಿರ್ದೇಶನವೂ ಸೇರಿಕೊಂಡಿದೆ.

ಈ ನಿಯಮದ ಮೂಲ ಕಾಳಜಿ ಸರಿಯಾದದ್ದು. ಹದಿನಾರರಲ್ಲಿ ಗಣಿತವನ್ನು ಬಿಟ್ಟವರು ಮುಂದೆ ಸಾಲದ ಬಡ್ಡಿ, ಸಂಬಳದ ಚೀಟಿ, ಔಷಧದ ಪ್ರಮಾಣ, ಗೋಡೆಗೆ ಬೇಕಾದ ಇಟ್ಟಿಗೆಯ ಲೆಕ್ಕಗಳ ಮುಂದೆ ಬೇರೆಯವರ ಮಾತನ್ನು ನಂಬಿ ನಡೆಯಬೇಕಾಗುತ್ತದೆ, ಮತ್ತು ಹಾಗೆ ಬಿಡುವವರಲ್ಲಿ ಬಡ ಮನೆಗಳ ಮಕ್ಕಳೇ ಹೆಚ್ಚು. ಅವರಿಗೆ ಇನ್ನಷ್ಟು ಗಣಿತ ಕಲಿಸಬೇಕೆನ್ನುವವರ ಮೇಲೆ ತಕರಾರಿಲ್ಲ. ತಕರಾರಿರುವುದು ಐದು ವರ್ಷಗಳಲ್ಲಿ ನಾಟದ ಪಾಠವನ್ನು ಅದೇ ಕ್ರಮದಲ್ಲಿ, ಅದೇ ಪರೀಕ್ಷೆಗಾಗಿ, ಸೆಪ್ಟೆಂಬರಿನಿಂದ ಮೇ ತಿಂಗಳೊಳಗೆ ಇನ್ನೂ ವೇಗವಾಗಿ ಓಡಿಸಿದರೆ ನಾಟುತ್ತದೆಂಬ ನಂಬಿಕೆಯ ಮೇಲೆ.

ಪರೀಕ್ಷೆಯ ಸ್ವರೂಪವನ್ನು ತಿಳಿದರೆ ಈ ತಕರಾರಿನ ಅರ್ಥ ತಿಳಿಯುತ್ತದೆ. ಗಣಿತದ ಜಿಸಿಎಸ್‌ಇಗೆ ಎರಡು ಹಂತಗಳಿವೆ: ಫೌಂಡೇಶನ್ ಹಂತದಲ್ಲಿ 1ರಿಂದ 5ರವರೆಗೆ, ಹೈಯರ್ ಹಂತದಲ್ಲಿ 4ರಿಂದ 9ರವರೆಗೆ ಶ್ರೇಣಿಗಳು ಸಿಗುತ್ತವೆ, ಹೈಯರ್‌ನಲ್ಲಿ ಸ್ವಲ್ಪದರಲ್ಲಿ ತಪ್ಪಿದವರಿಗೆ 3 ಕೊಡುವುದೂ ಉಂಟು. ಎರಡರಲ್ಲೂ ಒಂದೂವರೆ ಗಂಟೆಯ ಮೂರು ಪತ್ರಿಕೆಗಳು, ಅವುಗಳಲ್ಲಿ ಒಂದಕ್ಕೆ ಕ್ಯಾಲ್ಕ್ಯುಲೇಟರ್ ನಿಷಿದ್ಧ. ಒಂದೇ 4ನೆಯ ಶ್ರೇಣಿಗೆ ಎರಡು ಬೇರೆ ದಾರಿಗಳಿವೆ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು: ಕಠಿಣ ಪ್ರಶ್ನೆಗಳ ಹೈಯರ್ ಹಂತದಲ್ಲಿ ಒಟ್ಟು ಅಂಕಗಳ ಸುಮಾರು ಐದನೆಯ ಒಂದು ಭಾಗ ಗಳಿಸಿದರೂ 4 ದೊರಕುವುದುಂಟು, ಫೌಂಡೇಶನ್‌ನಲ್ಲಿ ಅದೇ ಶ್ರೇಣಿಗೆ ಶೇಕಡಾ 60ರ ಆಸುಪಾಸು ಬೇಕಾಗುತ್ತದೆ. ಕಾಲೇಜಿನ ಮರುಪರೀಕ್ಷಾರ್ಥಿಗಳಲ್ಲಿ ಹೆಚ್ಚಿನವರು ಬರೆಯುವುದು ಫೌಂಡೇಶನ್ ಪತ್ರಿಕೆಗಳನ್ನು, ಮತ್ತು ಅವುಗಳಲ್ಲಿ ಸಂಖ್ಯೆಗಳಿಗೆ ಸುಮಾರು ಶೇಕಡಾ 25, ಅನುಪಾತ, ಸಮಾನುಪಾತ ಹಾಗೂ ಬದಲಾವಣೆಯ ದರಗಳಿಗೆ ಮತ್ತೆ ಶೇಕಡಾ 25 ಅಂಕಗಳು ಮೀಸಲಾಗಿವೆ. ಉಳಿದ ಅರ್ಧವನ್ನು ಬೀಜಗಣಿತ, ರೇಖಾಗಣಿತ, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ ಹಂಚಿಕೊಳ್ಳುತ್ತವೆ. ಭಿನ್ನರಾಶಿ, ಶೇಕಡಾವಾರು, ಅನುಪಾತ ಈ ಮೂರನ್ನು ನಿಜವಾಗಿ ಅರಿತವರಿಗೆ ಪತ್ರಿಕೆಯ ಅರ್ಧದಷ್ಟು ಭಾಗ ತೆರೆದುಕೊಳ್ಳುತ್ತದೆಂದು ಇದರ ಅರ್ಥ.

ಶ್ರೇಣಿಯ ಗೆರೆ ಎಲ್ಲಿ ಬೀಳಬೇಕೆಂಬ ತೀರ್ಮಾನವೂ ಈ ಕಥೆಯ ಒಂದು ಭಾಗ. ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಸಂಸ್ಥೆಯಾದ ಆಫ್‌ಕ್ವಾಲ್, ಒಂದು ವರ್ಷದ ವಿದ್ಯಾರ್ಥಿವೃಂದವು ಪ್ರಾಥಮಿಕ ಶಾಲೆಯ ಕೊನೆಯಲ್ಲಿ ತೋರಿದ ಮಟ್ಟ ಹಿಂದಿನ ವರ್ಷಗಳವರಂತೆಯೇ ಇದ್ದರೆ ಅವರ ಜಿಸಿಎಸ್‌ಇ ಫಲಿತಾಂಶದ ಪ್ರಮಾಣವೂ ಹೆಚ್ಚುಕಡಿಮೆ ಹಾಗೆಯೇ ಇರಬೇಕೆಂಬ ತತ್ತ್ವವನ್ನು ಅನುಸರಿಸುತ್ತದೆ. ಶ್ರೇಣಿಗಳು ವರ್ಷದಿಂದ ವರ್ಷಕ್ಕೆ ಅಗ್ಗವಾಗಬಾರದೆಂಬುದು ಇದರ ಉದ್ದೇಶ. ನಿಜವಾದ ಸುಧಾರಣೆಯಾದರೆ ಅದನ್ನು ಗುರುತಿಸಲೆಂದು 2017ರಿಂದ ಒಂದು ರಾಷ್ಟ್ರೀಯ ಮಾದರಿ ಪರೀಕ್ಷೆಯನ್ನೂ ನಡೆಸಲಾಗುತ್ತಿದೆ. ಆದರೂ ಹತ್ತರಲ್ಲಿ ಮೂವರು ಕೆಳಗುಳಿಯುವ ಪ್ರಮಾಣ ಬಹುಮಟ್ಟಿಗೆ ಅಲುಗಾಡದೆ ನಿಂತಿರುವುದನ್ನು ಕಂಡು, ಶಾಲಾ ಕಾಲೇಜು ಮುಖ್ಯಸ್ಥರ ಸಂಘವಾದ ಎಎಸ್‌ಸಿಎಲ್ ರಚಿಸಿದ ಆಯೋಗವು 2019ರಲ್ಲಿ ಈ ಮೂರನೆಯ ಒಂದು ಭಾಗದ ಮಕ್ಕಳನ್ನು ವ್ಯವಸ್ಥೆ ಮರೆತಿದೆಯೆಂದು ಬಹಿರಂಗವಾಗಿ ಹೇಳಿತು. ಆರರಲ್ಲಿ ಒಬ್ಬರೆಂಬ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು: ಗೆದ್ದವರು ಪ್ರತಿ ಬಾರಿಯೂ ಗುಂಪಿನಿಂದ ಹೊರಹೋಗುವುದರಿಂದ, ಉಳಿಯುವ ಗುಂಪಿನಲ್ಲಿ ಗಣಿತ ಅತ್ಯಂತ ಕಷ್ಟವಾದವರೇ ಮತ್ತೆ ಮತ್ತೆ ಎಣಿಕೆಗೆ ಬರುತ್ತಾರೆ.

ಹಾಗಾದರೆ ಆ ಕಷ್ಟ ಯಾವುದು? ಲಂಡನ್ನಿನ ಚೆಲ್ಸಿ ಕಾಲೇಜಿನಲ್ಲಿ 1970ರ ದಶಕದಲ್ಲಿ ಕ್ಯಾತ್ಲೀನ್ ಹಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಪ್ರೌಢಶಾಲಾ ಮಕ್ಕಳ ಗಣಿತ ಗ್ರಹಿಕೆಯ ಬಗ್ಗೆ ನಡೆಸಿದ, 1981ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನದಲ್ಲಿ ಒಂದು ಪ್ರಶ್ನೆಯಿತ್ತು. ಕುಳ್ಳನೊಬ್ಬನ ಎತ್ತರವನ್ನು ಬೆಂಕಿಕಡ್ಡಿಗಳಿಂದ ಅಳೆದರೆ 4, ಕಾಗದ ಸಿಕ್ಕಿಸುವ ಕ್ಲಿಪ್ಪುಗಳಿಂದ ಅಳೆದರೆ 6; ಉದ್ದನೆಯವನ ಎತ್ತರ ಬೆಂಕಿಕಡ್ಡಿಗಳಲ್ಲಿ 6, ಹಾಗಾದರೆ ಕ್ಲಿಪ್ಪುಗಳಲ್ಲಿ ಎಷ್ಟು? ಪ್ರತಿ ಎರಡು ಕಡ್ಡಿಗೆ ಮೂರು ಕ್ಲಿಪ್ಪು ಎಂಬ ಸಂಬಂಧವನ್ನು ಹಿಡಿದರೆ ಉತ್ತರ 9. ಬಹಳಷ್ಟು ಮಕ್ಕಳು ಬರೆದದ್ದು 8, ಏಕೆಂದರೆ ಕಡ್ಡಿ 4ರಿಂದ 6ಕ್ಕೆ ಎರಡು ಹೆಚ್ಚಾಗಿದೆ, ಆದ್ದರಿಂದ ಕ್ಲಿಪ್ಪೂ ಎರಡು ಹೆಚ್ಚಾಗಬೇಕೆಂಬುದು ಅವರ ತರ್ಕ. ಇದು ಕೈತಪ್ಪಿನಿಂದಾದ ತಪ್ಪಲ್ಲ. ಗುಣಾಕಾರದಿಂದ ಕಾಣಬೇಕಾದ ಸಂಬಂಧವನ್ನು ಸಂಕಲನದಿಂದ ಕಾಣುವ ಒಂದು ಸುಸಂಬದ್ಧ ಆಲೋಚನೆ, ಮತ್ತು ಸಣ್ಣ ತರಗತಿಗಳಲ್ಲಿ ಅನೇಕ ಬಾರಿ ಸರಿಯುತ್ತರ ಕೊಟ್ಟ ಆಲೋಚನೆಯಾದ್ದರಿಂದಲೇ ಅದು ಬಿಡಲು ಕಷ್ಟವಾದದ್ದು. ಸುಮಾರು ಮೂರು ದಶಕಗಳ ನಂತರ ಜೆರೆಮಿ ಹಾಡ್ಜೆನ್ ಮತ್ತಿತರರು ಅದೇ ಪ್ರಶ್ನೆಗಳನ್ನು ಹೊಸ ತಲೆಮಾರಿನ ಮಕ್ಕಳಿಗೆ ಕೊಟ್ಟು ನೋಡಿದಾಗಲೂ ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಫೌಂಡೇಶನ್ ಪತ್ರಿಕೆಗಳಲ್ಲಿ ಆಗಾಗ ಬರುವ ಇನ್ನೊಂದು ಬಗೆಯ ಪ್ರಶ್ನೆಯಲ್ಲೂ ಇಂಥದೇ ತೊಡಕು ಕಾಣುತ್ತದೆ. ಶೇಕಡಾ 20 ರಿಯಾಯಿತಿಯ ನಂತರ ಒಂದು ಅಂಗಿಯ ಬೆಲೆ 48 ಪೌಂಡ್ ಆಗಿದ್ದರೆ ಮೂಲ ಬೆಲೆ ಎಷ್ಟು? ವಿದ್ಯಾರ್ಥಿಯು 48ರ ಶೇಕಡಾ 20ನ್ನು, ಅಂದರೆ 9.60ನ್ನು ಕಂಡುಹಿಡಿದು ಕೂಡಿಸಿ 57.60 ಎಂದು ಬರೆಯುತ್ತಾನೆ. ಅವನ ಗುಣಾಕಾರವೂ ಸರಿ, ಸಂಕಲನವೂ ಸರಿ. ಶೇಕಡಾ 20 ಎಂಬುದು ಯಾವುದರ ಶೇಕಡಾ 20 ಎಂಬ ಪ್ರಶ್ನೆಯೊಂದೇ ಅವನ ಮನಸ್ಸಿಗೆ ಬಂದಿಲ್ಲ. ಮೂಲ ಬೆಲೆಯನ್ನು ಐದು ಸಮಭಾಗಗಳ ಪಟ್ಟಿಯಾಗಿ ಕಾಗದದ ಮೇಲೆ ಬರೆದು, ಒಂದು ಭಾಗ ರಿಯಾಯಿತಿಯಲ್ಲಿ ಹೋಗಿ ನಾಲ್ಕು ಭಾಗಗಳು ಉಳಿದವೆಂದೂ ಆ ನಾಲ್ಕರ ಬೆಲೆ 48 ಎಂದೂ ಗುರುತಿಸಿದರೆ, ಒಂದು ಭಾಗಕ್ಕೆ 12, ಐದಕ್ಕೆ 60 ಎಂಬುದು ಯಾವ ಸೂತ್ರದ ನೆರವೂ ಇಲ್ಲದೆ ಕಣ್ಣಿಗೆ ಕಾಣುತ್ತದೆ. 57.60 ಎಂದು ಬರೆದವನಿಗೆ ಇಂಥ ಇನ್ನೂ ಇಪ್ಪತ್ತು ಲೆಕ್ಕಗಳನ್ನು ಅಭ್ಯಾಸಕ್ಕೆ ಕೊಟ್ಟರೆ ಅವನು ಇಪ್ಪತ್ತನ್ನೂ ಅದೇ ರೀತಿ ಮಾಡಿ ತನ್ನ ತಪ್ಪನ್ನು ಇನ್ನಷ್ಟು ಪಳಗಿಸಿಕೊಳ್ಳುತ್ತಾನೆ.

ಹೀಗೆ ಏಕೆ ಆಗುತ್ತದೆಂಬುದನ್ನು ವಾರ್ವಿಕ್ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಕೆಂಪ್ ಅವರು 1976ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಎರಡು ಬಗೆಯ ಅರಿವನ್ನು ಬೇರ್ಪಡಿಸಿ ವಿವರಿಸಿದ್ದರು. ಒಂದು, ಏಕೆಂದು ತಿಳಿಯದೆ ನಿಯಮವನ್ನು ಬಳಸಬಲ್ಲ ಉಪಕರಣಾತ್ಮಕ ಅರಿವು. ಇನ್ನೊಂದು, ಏನು ಮಾಡಬೇಕೆಂಬುದರ ಜೊತೆಗೆ ಏಕೆ ಎಂಬುದನ್ನೂ ತಿಳಿದ ಸಂಬಂಧಾತ್ಮಕ ಅರಿವು. ಮೊದಲನೆಯದು ಬೇಗ ಸಿಗುತ್ತದೆ, ಬೇಗ ಮರೆತೂ ಹೋಗುತ್ತದೆ. ಮರುಪರೀಕ್ಷೆಯ ತರಗತಿಗೆ ಬರುವವರಲ್ಲಿ ಬಹುತೇಕರ ಬಳಿ ಇರುವುದು ಅರ್ಧ ನೆನಪಿರುವ, ಒಂದರೊಳಗೊಂದು ಕಲೆತುಹೋದ ಇಂಥ ನಿಯಮಗಳು. ಭಿನ್ನರಾಶಿಗಳ ಗುಣಾಕಾರದ ನಿಯಮವನ್ನು ಸಂಕಲನಕ್ಕೆ ಹಚ್ಚಿ ಅಂಶಗಳನ್ನು ಅಂಶಗಳಿಗೂ ಛೇದಗಳನ್ನು ಛೇದಗಳಿಗೂ ಕೂಡಿಸುವವರು, 0.4ಕ್ಕಿಂತ 0.35 ದೊಡ್ಡದೆನ್ನುವವರು ಏನನ್ನೂ ಕಲಿಯದವರಲ್ಲ, ಕಲಿತದ್ದನ್ನು ಸಲ್ಲದ ಜಾಗದಲ್ಲಿ ಬಳಸುವವರು. ಗಣಿತ ಬೋಧನೆಯ ಬಗ್ಗೆ 1982ರಲ್ಲಿ ಬಂದ ಕಾಕ್‌ಕ್ರಾಫ್ಟ್ ವರದಿಯು, ಹನ್ನೊಂದರ ವಯಸ್ಸಿನ ಮಕ್ಕಳ ಗ್ರಹಿಕೆಯಲ್ಲೇ ಏಳು ವರ್ಷಗಳಷ್ಟು ಅಂತರವಿರುತ್ತದೆಂದು ಗುರುತಿಸಿತ್ತು; ಆ ಅಂತರವನ್ನು ಹೊತ್ತುಕೊಂಡೇ ಹದಿನಾರಕ್ಕೆ ಬಂದವರನ್ನು ಒಂದೇ ಪಠ್ಯಕ್ರಮದ ವೇಗಕ್ಕೆ ಕಟ್ಟಿದರೆ ಆಗುವುದೇನೆಂಬುದನ್ನು ಪ್ರತಿ ಆಗಸ್ಟಿನ ಫಲಿತಾಂಶ ಹೇಳುತ್ತಿದೆ.

ಬೇರೆ ರೀತಿಯಲ್ಲಿ ಕಲಿಸಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲೇ ಒಳ್ಳೆಯ ಪರಂಪರೆಯಿದೆ, ಮತ್ತು ಅದು ಹುಟ್ಟಿದ್ದು ಇಂಥ ತರಗತಿಗಳಲ್ಲೇ ಎಂಬುದನ್ನು ಎತ್ತಿ ಹೇಳಬೇಕು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮಾಲ್ಕಮ್ ಸ್ವಾನ್ ಅವರು ಕಾಲೇಜುಗಳಲ್ಲಿ ಜಿಸಿಎಸ್‌ಇ ಗಣಿತವನ್ನು ಮತ್ತೆ ಓದುತ್ತಿದ್ದ ವಿದ್ಯಾರ್ಥಿಗಳೊಡನೆ ವರ್ಷಗಟ್ಟಲೆ ಕೆಲಸ ಮಾಡಿ, ತಪ್ಪನ್ನು ಅಡಗಿಸದೆ ಮೇಜಿನ ಮೇಲಿಟ್ಟು ಚರ್ಚಿಸುವ ಪಾಠಗಳನ್ನು ರೂಪಿಸಿದರು. ಅವು 2005ರಲ್ಲಿ ಸರ್ಕಾರದ ಬೋಧನ ಸಾಮಗ್ರಿಯಾಗಿ ಕಾಲೇಜುಗಳನ್ನು ತಲುಪಿದವು. ಅಲ್ಲಿ ವಿದ್ಯಾರ್ಥಿಗಳಿಗೆ ಸಿಗುವುದು ಹೇಳಿಕೆಗಳ ಚೀಟಿಗಳು: ಗುಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ, ಒಂದು ಬೆಲೆಯನ್ನು ಶೇಕಡಾ 10 ಏರಿಸಿ ಮತ್ತೆ ಶೇಕಡಾ 10 ಇಳಿಸಿದರೆ ಮೊದಲಿನ ಬೆಲೆಯೇ ಬರುತ್ತದೆ, ಒಂದು ಆಕೃತಿಯಿಂದ ತುಂಡು ಕತ್ತರಿಸಿ ತೆಗೆದರೆ ವಿಸ್ತೀರ್ಣವೂ ಸುತ್ತಳತೆಯೂ ಕಡಿಮೆಯಾಗುತ್ತವೆ, ಎಂಬಂಥವು. ಪ್ರತಿಯೊಂದೂ ಯಾವಾಗಲೂ ನಿಜವೇ, ಕೆಲವೊಮ್ಮೆ ನಿಜವೇ, ಎಂದೂ ನಿಜವಲ್ಲವೇ ಎಂಬುದನ್ನು ಇಬ್ಬರು ಮೂವರು ಸೇರಿ ಉದಾಹರಣೆ ಕೊಟ್ಟು ಸಾಧಿಸಬೇಕು. ನೂರು ಪೌಂಡು 110 ಆಗಿ ನಂತರ 99ಕ್ಕೆ ಇಳಿಯುವುದನ್ನು ತಾನೇ ಲೆಕ್ಕ ಹಾಕಿ ಕಂಡ ವಿದ್ಯಾರ್ಥಿಗೆ, ಆಯತದ ಮೂಲೆಯಿಂದ ಚೌಕವೊಂದನ್ನು ಕತ್ತರಿಸಿದರೂ ಸುತ್ತಳತೆ ಬದಲಾಗದಿರುವುದನ್ನು ಬರೆದು ನೋಡಿದ ವಿದ್ಯಾರ್ಥಿಗೆ, ಹಳೆಯ ನಂಬಿಕೆ ಮುರಿದದ್ದು ಪಕ್ಕದವನ ಮುಂದೆ ಸೋತಂತೆ ಅನಿಸದೆ ಪಕ್ಕದವನೊಡನೆ ಕಂಡುಹಿಡಿದಂತೆ ಅನಿಸುತ್ತದೆ. ಗಣಿತವೆಂದರೆ ಹೆದರಿಕೆಯೇ ನೆನಪಾಗುವ ಹದಿನೇಳರ ಹರೆಯದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸ್ವಾನ್ 2017ರಲ್ಲಿ ತೀರಿಕೊಂಡರು. ಅವರ ಸಾಮಗ್ರಿ ಇಂದಿಗೂ ಅಧ್ಯಾಪಕರ ಕೈಯಲ್ಲಿದೆ, ಅದನ್ನು ನಿಧಾನವಾಗಿ ಬಳಸುವಷ್ಟು ಸಮಯ ಮಾತ್ರ ಅವರಿಗಿಲ್ಲ. ಕಾಲೇಜಿನ ಅಧ್ಯಾಪಕರ ವೇತನ ಶಾಲೆಯವರಿಗಿಂತ ಕಡಿಮೆಯಿರುವುದರಿಂದ ಗಣಿತಕ್ಕೆ ಅಧ್ಯಾಪಕರನ್ನು ಹುಡುಕಿ ಉಳಿಸಿಕೊಳ್ಳುವುದೇ ಕಾಲೇಜುಗಳಿಗೆ ಕಷ್ಟದ ಕೆಲಸವಾಗಿದೆ.

ಕಸುಬಿನ ಕೋಣೆಯಲ್ಲೇ ಇರುವ ಗಣಿತದ ಬಳಕೆಯೂ ಸಾಕಷ್ಟಾಗಿಲ್ಲ. ಕೂದಲ ಬಣ್ಣವನ್ನು ಪೆರಾಕ್ಸೈಡಿನೊಡನೆ ಒಂದಕ್ಕೆ ಎರಡರಂತೆ ಬೆರೆಸುವ, ಸಿಮೆಂಟು ಮರಳನ್ನು ಒಂದಕ್ಕೆ ನಾಲ್ಕರಂತೆ ಕಲಸುವ ವಿದ್ಯಾರ್ಥಿಗಳು ಅನುಪಾತವನ್ನು ದಿನವೂ ಕೈಯಲ್ಲಿ ಹಿಡಿಯುತ್ತಾರೆ. ಅದರಿಂದ ಪರೀಕ್ಷೆಯ ಅನುಪಾತ ತಾನಾಗಿ ಬರುತ್ತದೆಂದು ಭಾವಿಸುವುದು ತಪ್ಪು, ಏಕೆಂದರೆ ಅಳತೆಯ ಬಟ್ಟಲಿಗೂ ಪ್ರಶ್ನೆಪತ್ರಿಕೆಯ ವಾಕ್ಯಕ್ಕೂ ನಡುವಿನ ದೂರವನ್ನು ಯಾರಾದರೂ ನಡೆಸಿಕೊಂಡು ಹೋಗಿ ದಾಟಿಸಬೇಕು. ಆದರೆ ಆ ಪಾಠವನ್ನು ಆರಂಭಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ನೀತಿಯನ್ನು ಬದಲಿಸಬೇಕೆಂಬ ಸಲಹೆ ಹೊಸದಲ್ಲ. ಹದಿನಾರರ ನಂತರದ ಗಣಿತವನ್ನು ಪರಿಶೀಲಿಸಿದ ಏಡ್ರಿಯನ್ ಸ್ಮಿತ್ ಅವರ 2017ರ ವರದಿಯು ಮರುಪರೀಕ್ಷೆಯ ನಿಯಮವನ್ನೂ ಅದಕ್ಕೆ ತಕ್ಕ ಪಠ್ಯಕ್ರಮವನ್ನೂ ಹೊಸದಾಗಿ ಆಲೋಚಿಸಬೇಕೆಂದಿತು. ಗಣಿತ ಶಿಕ್ಷಣದ ಸಂಸ್ಥೆಯಾದ ಎಂಇಐ, ಬದುಕಿಗೂ ಕೆಲಸಕ್ಕೂ ಹತ್ತಿರವಾದ ವಿಷಯಗಳನ್ನು ಆಳವಾಗಿ ಕಲಿಸುವ, ಮರುಪರೀಕ್ಷಾರ್ಥಿಗಳಿಗಾಗಿಯೇ ಇರುವ ಒಂದು ಜಿಸಿಎಸ್‌ಇಯ ಪಠ್ಯಕ್ರಮವನ್ನು 2020ರಲ್ಲಿ ಮುಂದಿಟ್ಟಿತು. 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಸರ್ಕಾರದ ಶ್ವೇತಪತ್ರವು, ಕೆಳಗಿನ ಶ್ರೇಣಿಗಳವರು ನೇರವಾಗಿ ಜಿಸಿಎಸ್‌ಇಗೆ ಧುಮುಕದೆ ಅದಕ್ಕೆ ಸಿದ್ಧರಾಗುವಂಥ ಹೊಸ ಅರ್ಹತೆಯನ್ನು ತರುವ ಯೋಜನೆಯನ್ನು ಹೇಳಿದೆ. ಈ ದಿಕ್ಕು ಸರಿ, ಆದರೆ ಅಪಾಯವೂ ಇದೆ: ಮೆಟ್ಟಿಲಾಗಬೇಕಾದ ಪರೀಕ್ಷೆಯು ಹಲವರಿಗೆ ಕೊನೆಯ ನಿಲ್ದಾಣವಾಗಿ, ಸಿಎಸ್‌ಇಗೆ ಅಂಟಿದ ಕೀಳು ಹೆಸರು ಅದಕ್ಕೂ ಅಂಟಿಕೊಂಡರೆ ಆರು ದಶಕಗಳ ಹಿಂದಿನ ಭೇದವೇ ಮರಳಿ ಬರುತ್ತದೆ. ಕಲಿಕೆಯ ಕಡ್ಡಾಯವನ್ನು ಉಳಿಸಿ, ಒಂದೇ ವರ್ಷದಲ್ಲಿ ಪರೀಕ್ಷೆಗೆ ಕೂರಿಸುವ ಆತುರವನ್ನು ಬಿಟ್ಟು, ಎರಡು ವರ್ಷಗಳ ಅವಧಿಯಲ್ಲಿ ಸಂಖ್ಯೆ ಮತ್ತು ಅನುಪಾತಗಳನ್ನು ಬುಡದಿಂದ ಕಟ್ಟಿ, ಕೊನೆಯಲ್ಲಿ ಎಲ್ಲರಿಗೂ ಒಂದೇ ಹೆಸರಿನ ಪ್ರಮಾಣಪತ್ರ ಸಿಗುವಂತೆ ಮಾಡುವುದು ಹೆಚ್ಚು ನ್ಯಾಯವಾದ ದಾರಿ.

ಇಂಗ್ಲೆಂಡಿನಲ್ಲಿ ನೆಲೆಸಿ ಮಕ್ಕಳನ್ನು ಅಲ್ಲಿನ ಶಾಲೆಗಳಲ್ಲಿ ಓದಿಸುತ್ತಿರುವ ಕನ್ನಡ ಕುಟುಂಬಗಳು ಆಗಸ್ಟಿನಲ್ಲಿ 3ನೆಯ ಶ್ರೇಣಿಯ ಕಾಗದವನ್ನು ಕಂಡಾಗ ಮನೆಯಲ್ಲಿ ಬೈಗುಳಕ್ಕೆ ಎಡೆ ಕೊಡದೆ ಮಾಡಬಹುದಾದ ಕೆಲಸಗಳಿವೆ. ಬರೆದ ಉತ್ತರಪತ್ರಿಕೆಗಳ ಪ್ರತಿಯನ್ನು ಶಾಲೆಯ ಮೂಲಕ ತರಿಸಿಕೊಂಡು ಅಂಕ ಹೋದದ್ದು ಯಾವ ಬಗೆಯ ಪ್ರಶ್ನೆಗಳಲ್ಲಿ ಎಂದು ನೋಡಬೇಕು. ಗೆರೆಗೆ ಕೆಲವೇ ಅಂಕ ಕಡಿಮೆಯಿದ್ದವರು ನವೆಂಬರಿನಲ್ಲಿ ಬರೆಯಬಹುದು. ಅನುಪಾತ, ಭಿನ್ನರಾಶಿಗಳಲ್ಲೇ ಎಡವಿದವರು ಅವಸರಪಡದೆ ಬೇಸಿಗೆಯವರೆಗೆ ಕಲಿಯುವುದು ಮೇಲು. ಫೌಂಡೇಶನ್ ಅಥವಾ ಹೈಯರ್ ಎಂಬ ಆಯ್ಕೆಯನ್ನು ಮಾನಾಪಮಾನದ ಪ್ರಶ್ನೆಯಾಗಿ ನೋಡದೆ ಅಧ್ಯಾಪಕರೊಡನೆ ಮಾತಾಡಿ ನಿರ್ಧರಿಸಬೇಕು, ಏಕೆಂದರೆ ಯಾವ ಹಂತದಿಂದ ಬಂದ 4 ಎಂಬುದನ್ನು ಉದ್ಯೋಗ ಕೊಡುವವರು ವಿಚಾರಿಸುವುದು ವಿರಳ. ಹತ್ತೊಂಬತ್ತು ದಾಟಿದವರಿಗೂ ದಾರಿ ಮುಚ್ಚಿಲ್ಲ: 4ನೆಯ ಶ್ರೇಣಿ ಅಥವಾ ಅದಕ್ಕೆ ಸಮವಾದ ಅರ್ಹತೆ ಇಲ್ಲದ, ನಿವಾಸದ ನಿಯಮಗಳನ್ನು ಪೂರೈಸುವ ವಯಸ್ಕರಿಗೆ ಇಂಗ್ಲೆಂಡಿನ ಕಾಲೇಜುಗಳಲ್ಲಿ ಗಣಿತದ ಜಿಸಿಎಸ್‌ಇ ಕಲಿಕೆ ಉಚಿತ.